ಟೆಸ್ಟ್ ಟ್ಯೂಬಿನೊಳಗೆ ಮಡಿಕೇರಿ ಮಳೆ

ಈ ಸಲ ಬಂದ ಪತ್ರಗಳಲ್ಲಿ ಬಯೋಕೆಮಿಸ್ಟ್ರಿ ಪ್ರಾಕ್ಟಿಕಲ್ ಬಗ್ಗೆ ಕೇಳಿದವೇ ಜಾಸ್ತಿ. ಮಡಿಕೇರಿಯಲ್ಲಿ ವರ್ಷಗಟ್ಟಲೆ ಇದೇ ವಿಷಯ ಕಲಿಸಿದವಳು ನಾನು. ಹಾಗಾಗಿ ಒಂದೊಂದು ಪತ್ರ ಓದುವಾಗಲೂ ಆ ಮೇಜು, ಆ ಬೀಕರು ಕಣ್ಣಿಗೆ ಕಟ್ಟಿದವು. ಬಹಳ ಮಂದಿ 'ನನ್ನ ಕೈಯೇ ಸರಿ ಇಲ್ಲವೇನೋ' ಎಂದು ಬರೆದಿದ್ದೀರಿ. ಕೈಯನ್ನು ಬೈಯುವ ಮೊದಲು ಗೋಡೆಯ ಥರ್ಮಾಮೀಟರ್ ನೋಡಿ, ಕಿಟಕಿಯಾಚೆ ಮಳೆ ನೋಡಿ. ಪುಸ್ತಕದಲ್ಲಿರುವ ಅಂಕಿಗಳು ಸುಮಾರು 25 ಡಿಗ್ರಿ ಬಿಸಿ ಇರುವ, ಗಾಳಿ ಒಣಗಿರುವ, ಸಮುದ್ರಮಟ್ಟದ ಲ್ಯಾಬಿಗೆ ಬರೆದವು. ನಮ್ಮ ಲ್ಯಾಬು ಬೆಟ್ಟದ ಮೇಲಿದೆ.

ಪ್ರಶ್ನೆ: ಮೇಡಂ, 0.1 ನಾರ್ಮಲ್ ಸೋಡಿಯಂ ಹೈಡ್ರಾಕ್ಸೈಡ್ ಮಾಡಲು 4 ಗ್ರಾಂ ಸರಿಯಾಗಿ ತೂಗಿ ಒಂದು ಲೀಟರ್ ಮಾಡಿದೆ. ಟೈಟ್ರೇಶನ್‌ನಲ್ಲಿ ಪ್ರತಿ ಸಲವೂ ಕಡಿಮೆ ಬರುತ್ತದೆ. ತಕ್ಕಡಿ ಕೆಟ್ಟಿದೆಯಾ?
*— ಬಿ.ಎಸ್‌ಸಿ. ಮೊದಲ ವರ್ಷ, ಮಡಿಕೇರಿ*

ಉತ್ತರ: ತಕ್ಕಡಿ ಸರಿಯಾಗಿಯೇ ಇರಬೇಕು. ನೀವು ತೂಗಿದ್ದರಲ್ಲಿ ನೀರೂ ಸೇರಿತ್ತು, ಅಷ್ಟೇ. (ನಾರ್ಮಲ್ ಅಂದರೆ ದ್ರಾವಣದ ಬಲದ ಅಳತೆ. ಒಂದು ದ್ರಾವಣಕ್ಕೆ ಇನ್ನೊಂದನ್ನು ಹನಿಹನಿಯಾಗಿ ಬಿಟ್ಟು ಆ ಬಲ ಅಳೆಯುವುದೇ ಟೈಟ್ರೇಶನ್.)

ಸೋಡಿಯಂ ಹೈಡ್ರಾಕ್ಸೈಡ್‌ನ ಬಿಳಿ ಗುಳಿಗೆಗಳು ಗಾಳಿಯ ತೇವವನ್ನು ಎಳೆದುಕೊಳ್ಳುತ್ತವೆ. ಜುಲೈನಲ್ಲಿ ಡಬ್ಬಿಯ ಮುಚ್ಚಳ ತೆಗೆದು ಎರಡು ಗುಳಿಗೆ ವಾಚ್ ಗ್ಲಾಸ್ ಮೇಲೆ ಇಟ್ಟು ನೋಡಿ. ಮೊದಲು ಮೈ ಮಿರುಗುತ್ತದೆ. ಆಮೇಲೆ ಅಂಚು ಕರಗಿ ಗಾಜಿಗೆ ಅಂಟುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಸುತ್ತ ಸಣ್ಣ ನೀರಿನ ಉಂಗುರ ಕಾಣುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡ್ ಕೂಡ ಸೇರಿಕೊಂಡು ಒಂದಿಷ್ಟು ಭಾಗ ಸೋಡಿಯಂ ಕಾರ್ಬೊನೇಟ್ ಆಗಿಬಿಡುತ್ತದೆ. ತಕ್ಕಡಿ ಇದೆಲ್ಲವನ್ನೂ ಒಟ್ಟಿಗೆ ತೂಗಿ 4 ಗ್ರಾಂ ಅನ್ನುತ್ತದೆ. ಅದರಲ್ಲಿ ನಿಜವಾದ ಕ್ಷಾರ ಅಷ್ಟಿರುವುದಿಲ್ಲ.

ಬಯಲುಸೀಮೆಯ ಲ್ಯಾಬಿನಲ್ಲೂ ಇದನ್ನು ತೂಕ ನಂಬಿ ಬಳಸುವುದಿಲ್ಲ. ಇಲ್ಲಂತೂ ಬಳಸಲೇಬಾರದು. 4 ಗ್ರಾಂಗಿಂತ ಸ್ವಲ್ಪ ಜಾಸ್ತಿಯೇ ಬೇಗ ಬೇಗ ತೂಗಿ, ಕುದಿಸಿ ಆರಿಸಿದ ಡಿಸ್ಟಿಲ್ಡ್ ನೀರಿನಲ್ಲಿ ಕರಗಿಸಿ. ಕುದಿಸುವುದು ನೀರಿನಲ್ಲಿ ಕರಗಿರುವ ಇಂಗಾಲದ ಡೈಆಕ್ಸೈಡ್ ಹೋಗಲಿ ಅಂತ. ನಂತರ ಆಕ್ಸಾಲಿಕ್ ಆಸಿಡ್ ಎದುರು ಅದರ ನಿಜವಾದ ಬಲ ಕಂಡುಹಿಡಿಯಿರಿ. ಆಕ್ಸಾಲಿಕ್ ಆಸಿಡ್‌ನ ಹರಳು ತೇವ ಕುಡಿಯುವುದಿಲ್ಲ, ಅದರ ತೂಕ ನಂಬಬಹುದು. ಲೀಟರಿಗೆ 6.3 ಗ್ರಾಂ ಹಾಕಿದರೆ 0.1 ನಾರ್ಮಲ್. ಇದು ವಿಷ, ಕೈ ತೊಳೆಯದೆ ಬುತ್ತಿ ಬಿಚ್ಚಬೇಡಿ.

ಆ ಆಸಿಡ್ 10 ಮಿ.ಲೀ. ತೆಗೆದುಕೊಂಡು ಎರಡು ಹನಿ ಫಿನಾಲ್ಫ್ತಲೀನ್ (ಕ್ಷಾರದಲ್ಲಿ ಗುಲಾಬಿಯಾಗುವ ಸೂಚಕ) ಹಾಕಿ. ನಲ್ಲಿಯಿರುವ ಅಳತೆ ಕೊಳವೆ ಬ್ಯುರೆಟ್‌ನಿಂದ ನಿಮ್ಮ ದ್ರಾವಣ ಬಿಡುತ್ತಾ ಬನ್ನಿ. ತೆಳು ಗುಲಾಬಿ ಬಣ್ಣ ಅರ್ಧ ನಿಮಿಷ ನಿಂತರೆ ಸಾಕು. ಆಮೇಲೆ ಬಣ್ಣ ಮಾಸಿದರೆ ಗಾಬರಿ ಬೇಡ, ಅದು ಗಾಳಿಯ ಕೆಲಸ. 11.3 ಮಿ.ಲೀ. ಹಿಡಿಯಿತು ಅನ್ನಿ. ಆಗ ನಿಮ್ಮ ದ್ರಾವಣ 0.0885 ನಾರ್ಮಲ್. ಬಾಟಲಿಯ ಮೇಲೆ ಆ ಅಂಕಿಯನ್ನೇ ಬರೆಯಿರಿ, ತಾರೀಕೂ ಬರೆಯಿರಿ. 0.1 ಎಂದು ಚೀಟಿ ಅಂಟಿಸಿದರೆ ನಿಮ್ಮ ನಂತರದ ಬ್ಯಾಚಿನ ಲೆಕ್ಕವೆಲ್ಲ ತಪ್ಪುತ್ತದೆ. ಇಟ್ಟುಕೊಳ್ಳುವುದು ಪ್ಲಾಸ್ಟಿಕ್ ಬಾಟಲಿಯಲ್ಲಿ. ಗಾಜಿನ ಬಿರಡೆಯಾದರೆ ಕಚ್ಚಿಕೊಂಡು ಬಿಡುತ್ತದೆ.

ಪ್ರಶ್ನೆ: ಟ್ರಿಸ್ ಬಫರ್ ಮಾಡಿ ಪಿಎಚ್ 8.0ಕ್ಕೆ ನಿಲ್ಲಿಸಿ ಫ್ರಿಜ್ಜಿನಲ್ಲಿ ಇಟ್ಟಿದ್ದೆ. ಮರುದಿನ ತಣ್ಣಗಿರುವಾಗಲೇ ನೋಡಿದರೆ 8.5 ದಾಟಿತ್ತು. ಬಫರ್ ಅಂದರೆ ಪಿಎಚ್ ಬದಲಾಗಬಾರದು ಅಲ್ವಾ? ಚೆಲ್ಲಿಬಿಡಲಾ?
*— ಎಂ.ಎಸ್‌ಸಿ. ವಿದ್ಯಾರ್ಥಿನಿ, ವಿರಾಜಪೇಟೆ*

ಉತ್ತರ: ಚೆಲ್ಲಬೇಡಿ, ಕೆಟ್ಟಿಲ್ಲ. ಪಿಎಚ್ ಅಂದರೆ ದ್ರಾವಣ ಎಷ್ಟು ಆಸಿಡ್ ಅಥವಾ ಎಷ್ಟು ಕ್ಷಾರ ಎಂಬ ಅಳತೆ.

ಆಸಿಡ್ ಅಥವಾ ಕ್ಷಾರ ಸ್ವಲ್ಪ ಬಿದ್ದರೆ ಬಫರ್ ತಡೆದುಕೊಳ್ಳುತ್ತದೆ. ಚಳಿಗೂ ಬಗ್ಗುವುದಿಲ್ಲ ಎಂದು ಯಾರೂ ಹೇಳಿಲ್ಲ. ಬಫರಿನಲ್ಲಿ ಒಂದು ದುರ್ಬಲ ಆಸಿಡ್ ಮತ್ತು ಅದರ ಜೋಡಿ ಕ್ಷಾರ ಎರಡೂ ಇರುತ್ತವೆ. ಹೈಡ್ರೋಜನ್ ಅಯಾನು ಹೆಚ್ಚಾದರೆ ಒಂದು ಹಿಡಿದುಕೊಳ್ಳುತ್ತದೆ, ಕಡಿಮೆಯಾದರೆ ಇನ್ನೊಂದು ಬಿಟ್ಟುಕೊಡುತ್ತದೆ. ಈ ಹಿಡಿಯುವ–ಬಿಡುವ ಗುಣವನ್ನು ಪಿಕೆಎ ಎಂಬ ಅಂಕಿ ಹೇಳುತ್ತದೆ. ಟ್ರಿಸ್‌ನ ಪಿಕೆಎ 25 ಡಿಗ್ರಿಯಲ್ಲಿ ಸುಮಾರು 8.1. ಬಿಸಿ ಒಂದು ಡಿಗ್ರಿ ಇಳಿದರೆ ಇದು 0.028ರಷ್ಟು ಏರುತ್ತದೆ. 25ರಲ್ಲಿ ಮಾಡಿ 4 ಡಿಗ್ರಿಗೆ ಇಟ್ಟರೆ 21 ಡಿಗ್ರಿ ಇಳಿದ ಹಾಗಾಯಿತು. ಗುಣಿಸಿ ನೋಡಿ, ಸುಮಾರು 0.6. ನಿಮ್ಮ ಮೀಟರ್ ಸರಿಯಾಗಿಯೇ ಹೇಳಿದೆ.

ಎನ್‌ಜೈಮ್ ಕೆಲಸ 37 ಡಿಗ್ರಿಯಲ್ಲಿ ಮಾಡುವುದಾದರೆ ಬಫರನ್ನು 37ಕ್ಕೆ ಬಿಸಿ ಮಾಡಿ ಪಿಎಚ್ ನಿಲ್ಲಿಸಿ. ಫ್ರಿಜ್ಜಿನಲ್ಲಿ ಕೆಲಸವಾದರೆ ತಣ್ಣಗೆ ಮಾಡಿಯೇ ನಿಲ್ಲಿಸಿ. ಫಾಸ್ಫೇಟ್ ಬಫರ್ ಚಳಿಗೆ ಇಷ್ಟು ಅಲುಗಾಡುವುದಿಲ್ಲ. ಪಿಎಚ್ 7ರ ಹತ್ತಿರದ ಕೆಲಸಕ್ಕೆ ನಾನು ಅದನ್ನೇ ಮೆಚ್ಚುತ್ತೇನೆ. ಆದರೆ ಕ್ಯಾಲ್ಸಿಯಂ ಇರುವ ಕಡೆ ಬೇಡ, ಬಿಳಿ ಗಸಿ ಕೂರುತ್ತದೆ.

ಮೀಟರಿನ ಎಲೆಕ್ಟ್ರೋಡ್ ಎಲ್ಲಿ ಇಡುತ್ತೀರಿ? ಡಿಸ್ಟಿಲ್ಡ್ ನೀರಿನಲ್ಲಿ ನೆನೆಸಿ ಇಡುವ ಅಭ್ಯಾಸ ಬಹಳ ಕಡೆ ಇದೆ, ಅದು ತಪ್ಪು. 3 ಮೋಲಾರ್ ಪೊಟಾಶಿಯಂ ಕ್ಲೋರೈಡ್‌ನಲ್ಲಿ ಇಡಬೇಕು. ಪಿಎಚ್ ಎಂಬ ಅಳತೆಯನ್ನು 1909ರಲ್ಲಿ ಕೊಟ್ಟದ್ದು ಸೋರೆನ್‌ಸನ್. ಡೆನ್ಮಾರ್ಕಿನ ಬಿಯರ್ ತಯಾರಕರ ಕಾರ್ಲ್ಸ್‌ಬರ್ಗ್ ಲ್ಯಾಬಿನಲ್ಲಿ ಎನ್‌ಜೈಮ್ ಅಭ್ಯಾಸ ಮಾಡುವಾಗ ಅವರಿಗೆ ಇದು ಬೇಕಾಯಿತು. ಆಸಿಡ್ ಎಷ್ಟಿದೆ ಎಂದು ಗೊತ್ತಿಲ್ಲದೆ ಎನ್‌ಜೈಮ್ ಬಗ್ಗೆ ಏನೂ ಹೇಳಲಾಗದು ಎಂಬುದು ಆಗಲೇ ಸ್ಪಷ್ಟವಾಗಿತ್ತು.

ಪ್ರಶ್ನೆ: ಜೊಲ್ಲಿನ ಅಮೈಲೇಸ್ ಪ್ರಯೋಗದಲ್ಲಿ ಐದಾರು ನಿಮಿಷಕ್ಕೆ ಅಯೋಡಿನ್ ನೀಲಿ ಹೋಗಬೇಕಿತ್ತು. ನಮ್ಮ ಬ್ಯಾಚಿನಲ್ಲಿ ಯಾರಿಗೂ ಹೋಗಲಿಲ್ಲ. ಪಕ್ಕದ ಬ್ಯಾಚಿನ ರೀಡಿಂಗ್ ನೋಡಿ ಬರೆದೆವು. ಯಾಕೆ ಹೀಗಾಯಿತು?
*— ಗೋಣಿಕೊಪ್ಪ*

ಉತ್ತರ: ಬರೆದು ಕೇಳಿದ್ದು ಒಳ್ಳೆಯದಾಯಿತು. ಆದರೆ ಅಬ್ಸರ್ವೇಶನ್ ಪುಸ್ತಕದಲ್ಲಿ 'ಇಪ್ಪತ್ತು ನಿಮಿಷವಾದರೂ ನೀಲಿ ಹೋಗಲಿಲ್ಲ, ರೂಮಿನ ಬಿಸಿ ಇಷ್ಟು' ಎಂದು ಬರೆದಿದ್ದರೆ ಅದಕ್ಕೆ ಪೂರ್ತಿ ಮಾರ್ಕು ಕೊಡುವವಳು ನಾನು. ನಿಜವಾದ ಉತ್ತರ ಆ ಸಾಲಿನಲ್ಲಿತ್ತು.

ಮಳೆಗಾಲದಲ್ಲಿ ನಮ್ಮ ಲ್ಯಾಬಿನ ಬಿಸಿ 19–20 ಡಿಗ್ರಿಗೆ ಬರುತ್ತದೆ. ಪಿಷ್ಟವಿದ್ದರೆ ಅಯೋಡಿನ್ ನೀಲಿಯಾಗುತ್ತದೆ, ಪಿಷ್ಟ ಮುಗಿದರೆ ನೀಲಿ ಹೋಗುತ್ತದೆ. ಅಮೈಲೇಸ್ ನಮ್ಮ ಬಾಯಲ್ಲಿ, 37ರಲ್ಲಿ ಪಿಷ್ಟ ಕತ್ತರಿಸುವ ಎನ್‌ಜೈಮ್. ಹತ್ತು ಡಿಗ್ರಿ ಇಳಿದರೆ ಹೆಚ್ಚಿನ ಎನ್‌ಜೈಮ್‌ಗಳ ವೇಗ ಸುಮಾರು ಅರ್ಧವಾಗುತ್ತದೆ. ಲೆಕ್ಕ ಹಾಕಿದರೆ ನಿಮ್ಮ ಟ್ಯೂಬಿನಲ್ಲಿ ಕೆಲಸ ಮೂರ್ನಾಲ್ಕು ಪಟ್ಟು ನಿಧಾನ. ವಾಟರ್ ಬಾತ್ ಇತ್ತಲ್ಲ ಎನ್ನಬಹುದು. ಹೆಚ್ಚಿನವರು ತಣ್ಣನೆಯ ಪಿಷ್ಟಕ್ಕೆ ತಣ್ಣನೆಯ ಜೊಲ್ಲು ಸೇರಿಸಿ, ಆಮೇಲೆ ಬಾತಿನಲ್ಲಿ ಇಡುತ್ತಾರೆ. ಒಳಗಿನ ದ್ರಾವಣ 37ಕ್ಕೆ ಬರುವಷ್ಟರಲ್ಲಿ ನಿಮ್ಮ ಗಡಿಯಾರ ಎಷ್ಟೋ ಓಡಿರುತ್ತದೆ. ಪಿಷ್ಟ, ಬಫರ್ ಎರಡನ್ನೂ ಮೊದಲೇ ಬಾತಿನಲ್ಲಿಟ್ಟು ಬೆಚ್ಚಗೆ ಮಾಡಿ. ಥರ್ಮಾಮೀಟರ್ ಬಾತಿನ ನೀರಿಗಲ್ಲ, ಇನ್ನೊಂದು ಟ್ಯೂಬಿನೊಳಗೆ ಇಳಿಸಿ ನೋಡಿ. 37 ಬಂದ ಮೇಲೆ ಜೊಲ್ಲು ಹಾಕಿ, ಆಗ ಗಡಿಯಾರ ಒತ್ತಿ.

ಇನ್ನು ಟೈಲ್ ಮೇಲೆ ಏನು ನೋಡಬೇಕು ಅನ್ನುವುದು. ಬಿಳಿ ಟೈಲಿನ ಗುಳಿಗಳಲ್ಲಿ ಸಾಲಾಗಿ ಒಂದೊಂದು ಹನಿ ಅಯೋಡಿನ್ ಇಡಿ. ಅರ್ಧರ್ಧ ನಿಮಿಷಕ್ಕೆ ಟ್ಯೂಬಿನಿಂದ ಒಂದು ಹನಿ ತಂದು ಸೇರಿಸಿ. ಮೊದಲ ಗುಳಿ ಕಪ್ಪು ಅನ್ನಿಸುವಷ್ಟು ನೀಲಿ. ಆಮೇಲೆ ನೇರಳೆ ತಿರುಗುತ್ತದೆ. ನಂತರ ಇಟ್ಟಿಗೆಯಂಥ ಕೆಂಪುಕಂದು. ಪಿಷ್ಟದ ಉದ್ದ ಸರಪಳಿ ತುಂಡಾಗಿ ಗಿಡ್ಡ ಡೆಕ್ಸ್‌ಟ್ರಿನ್‌ಗಳಾದ ಗುರುತು ಇದು. ಕೊನೆಗೆ ಅಯೋಡಿನ್‌ನ ಹಳದಿ ಬಿಟ್ಟರೆ ಬೇರೆ ಬಣ್ಣ ಬರುವುದಿಲ್ಲ. ಆ ಗುಳಿಯೇ ಅಕ್ರೋಮಿಕ್ ಪಾಯಿಂಟ್. ಟೈಲಿನ ಒಂದು ಮೂಲೆಯಲ್ಲಿ ಸುಮ್ನೆ ಅಯೋಡಿನ್ ಮತ್ತು ನೀರು ಸೇರಿಸಿದ ಹನಿ ಇಟ್ಟುಕೊಳ್ಳಿ, ಹೋಲಿಸಲು ಬೇಕು. ಬಿಸಿ ಹನಿಗೆ ಅಯೋಡಿನ್ ಹಾಕಿ ಮೋಸ ಹೋಗಬೇಡಿ. ಕುದಿಬಿಸಿಯಲ್ಲಿ ಪಿಷ್ಟವಿದ್ದರೂ ನೀಲಿ ಮಾಯವಾಗುತ್ತದೆ, ಆರಿದ ಮೇಲೆ ಮತ್ತೆ ಬರುತ್ತದೆ.

ಎರಡು ಮಾತು ಜಾಸ್ತಿ. ಅಮೈಲೇಸ್‌ಗೆ ಕ್ಲೋರೈಡ್ ಬೇಕು, ಬಫರಿಗೆ ಸ್ವಲ್ಪ ಉಪ್ಪು ಮರೆಯಬೇಡಿ. ಪಿಎಚ್ 6.8 ಇರಲಿ. ಜೊಲ್ಲಿನಲ್ಲಿ ಅಮೈಲೇಸ್ ಎಲ್ಲರಿಗೂ ಒಂದೇ ಸಮ ಇರುವುದಿಲ್ಲ. ಅದನ್ನು ತಯಾರಿಸುವ ಜೀನ್‌ನ ಪ್ರತಿಗಳೇ ಒಬ್ಬರಲ್ಲಿ ಕಡಿಮೆ, ಇನ್ನೊಬ್ಬರಲ್ಲಿ ಜಾಸ್ತಿ. ಗೆಳತಿಯ ರೀಡಿಂಗ್ ನಿಮ್ಮದಕ್ಕೆ ಹೊಂದದಿದ್ದರೆ ಅದು ಸಹಜ. ಅವಳ ಪುಸ್ತಕದಿಂದ ನಕಲು ಮಾಡಿದರೆ ನೀವು ಅವಳ ಬಾಯಿಯ ಎನ್‌ಜೈಮನ್ನು ನಿಮ್ಮದೆಂದು ಬರೆದ ಹಾಗೆ.

ಪ್ರಶ್ನೆ: ಮಡಿಕೇರಿಯಲ್ಲಿ ನೀರು 100 ಡಿಗ್ರಿಗೆ ಕುದಿಯುವುದಿಲ್ಲ ಅಂತಾರೆ, ನಿಜವಾ? ಸಕ್ಕರೆ ಪತ್ತೆಮಾಡುವ ಬೆನೆಡಿಕ್ಟ್ ಪರೀಕ್ಷೆಗೆ ತೊಂದರೆ ಇದೆಯಾ?
*— ಪಿಯು ಉಪನ್ಯಾಸಕರು*

ಉತ್ತರ: ನಿಜ ಸರ್. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರ. ಗಾಳಿಯ ಒತ್ತಡ ಕಡಿಮೆ, ನೀರು ಸುಮಾರು 96 ಡಿಗ್ರಿಗೇ ಕುದಿಯುತ್ತದೆ. ಕುಶಾಲನಗರ ಇನ್ನೂ ತಗ್ಗು, ಅಲ್ಲಿ 97ರ ಹತ್ತಿರ. ಬೆನೆಡಿಕ್ಟ್‌ಗೆ ತೊಂದರೆ ಇಲ್ಲ, ಒಂದೆರಡು ನಿಮಿಷ ಜಾಸ್ತಿ ಬಿಡಿ. ಸಕ್ಕರೆಯ ಬಗೆ ಗುರುತಿಸುವ ಬಾರ್ಫೋಡ್‌ನಲ್ಲಿ ಮಾತ್ರ ಜಾಗ್ರತೆ ಬೇಕು. ಅಲ್ಲಿ ಗ್ಲೂಕೋಸ್ ಬೇಗ, ಮಾಲ್ಟೋಸ್ ತಡವಾಗಿ ಕೆಂಪು ಗಸಿ ಕೊಡುವುದರ ಮೇಲೇ ಪರೀಕ್ಷೆ ನಿಂತಿದೆ. ಪುಸ್ತಕದ ನಿಮಿಷ ಎಣಿಸಬೇಡಿ. ಪಕ್ಕದಲ್ಲೇ ಗೊತ್ತಿರುವ ಗ್ಲೂಕೋಸ್, ಗೊತ್ತಿರುವ ಮಾಲ್ಟೋಸ್ ಎರಡು ಟ್ಯೂಬ್ ಇಟ್ಟು ಅವುಗಳ ಜೊತೆ ಹೋಲಿಸಿ.

ನಿಜವಾಗಿ ಎಚ್ಚರ ಬೇಕಾದ್ದು ಆಟೋಕ್ಲೇವ್ (ಒತ್ತಡದ ಹಬೆಯಲ್ಲಿ ಸೂಕ್ಷ್ಮಜೀವಿ ಕೊಲ್ಲುವ ಪಾತ್ರೆ) ಬಗ್ಗೆ. ಗೇಜಿನಲ್ಲಿ 15 ಪೌಂಡ್ ಅಂದರೆ 121 ಡಿಗ್ರಿ ಎಂಬ ಲೆಕ್ಕ ಸಮುದ್ರಮಟ್ಟದ್ದು. ಗೇಜು ತೋರಿಸುವುದು ಹೊರಗಿನ ಗಾಳಿಗಿಂತ ಎಷ್ಟು ಜಾಸ್ತಿ ಎಂಬುದನ್ನು ಮಾತ್ರ. ಮಡಿಕೇರಿಯ ಎತ್ತರದಲ್ಲಿ ಅದೇ 15 ಪೌಂಡಿಗೆ ಒಳಗೆ 119ರ ಆಸುಪಾಸು. ಸುಮಾರು 2 ಪೌಂಡ್ ಜಾಸ್ತಿ ಬೇಕು, ಅದೂ ನಿಮ್ಮ ಪಾತ್ರೆ ಅಷ್ಟು ತಡೆಯುತ್ತದೆ ಎಂದು ತಯಾರಕರು ಬರೆದಿದ್ದರೆ ಮಾತ್ರ. ಇಲ್ಲದಿದ್ದರೆ ಹೊತ್ತು ಹೆಚ್ಚಿಸಿ.

ಪ್ರಶ್ನೆ: ಪಂದಿ (ಹಂದಿ) ಕರಿಗೆ ಹಾಕುವ ಕಾಚಂಪುಳಿಯೂ ಪೇಟೆಯಲ್ಲಿ ಸಿಗುವ ತೂಕ ಇಳಿಸುವ ಗಾರ್ಸೀನಿಯಾ ಮಾತ್ರೆಯೂ ಒಂದೇನಾ? ಮಗ ಬಯೋಕೆಮಿಸ್ಟ್ರಿ ಓದುತ್ತಿದ್ದಾನೆ, ಅವನಿಗೆ ಇದರಲ್ಲಿ ಪ್ರಾಜೆಕ್ಟ್ ಮಾಡಬಹುದಾ?
*— ಗೃಹಿಣಿ, ನಾಪೋಕ್ಲು*

ಉತ್ತರ: ಮೂಲ ಒಂದೇ ಅಮ್ಮಾ. ಎರಡೂ ಗಾರ್ಸೀನಿಯಾ ಗಮ್ಮಿ-ಗುಟ್ಟಾ ಎಂಬ ಮರದ ಹಣ್ಣಿನಿಂದ ಬರುತ್ತವೆ. ನಾವು ಹಣ್ಣಿನ ರಸ ಇಳಿಸಿ ಕಪ್ಪಾಗುವ ತನಕ ಕಾಯಿಸುತ್ತೇವೆ. ಅದರ ಮುಖ್ಯ ಹುಳಿ ಹೈಡ್ರಾಕ್ಸಿಸಿಟ್ರಿಕ್ ಆಸಿಡ್. ಮೈಯಲ್ಲಿ ಸಕ್ಕರೆಯಿಂದ ಕೊಬ್ಬು ತಯಾರಾಗುವ ದಾರಿಯಲ್ಲಿ ಎಟಿಪಿ ಸಿಟ್ರೇಟ್ ಲೈಯೇಸ್ ಎಂಬ ಎನ್‌ಜೈಮ್ ಇದೆ. ಈ ಹುಳಿ ನೋಡಲು ಸಿಟ್ರಿಕ್ ಆಸಿಡ್ ಥರವೇ ಇರುವುದರಿಂದ ಆ ಎನ್‌ಜೈಮಿನ ಜಾಗದಲ್ಲಿ ಕೂತು ಕೆಲಸ ತಡೆಯುತ್ತದೆ. ಟ್ಯೂಬಿನಲ್ಲಿ ಇದು ಖಚಿತ. ಅದನ್ನೇ ಹಿಡಿದುಕೊಂಡು ಮಾತ್ರೆ ಮಾರಿದರು. ಮನುಷ್ಯರ ಮೇಲೆ ನಡೆಸಿ 1998ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಸುಳ್ಳು (ಔಷಧವಿಲ್ಲದ) ಮಾತ್ರೆ ತಿಂದವರಿಗಿಂತ ಗಾರ್ಸೀನಿಯಾ ತಿಂದವರ ತೂಕ ಹೆಚ್ಚೇನೂ ಇಳಿಯಲಿಲ್ಲ. ಇಂಥ ಮಾತ್ರೆ ತಿಂದು ಲಿವರ್ ಕೆಟ್ಟವರ ವರದಿಗಳೂ ಇವೆ. ಕರಿಗೆ ಒಂದು ಚಮಚ ಹಾಕುವುದು ಬೇರೆ, ದಿನಾ ಮಾತ್ರೆ ನುಂಗುವುದು ಬೇರೆ. ಮಾತ್ರೆ ಬೇಡ.

ಪ್ರಾಜೆಕ್ಟ್ ಖಂಡಿತ ಮಾಡಬಹುದು. ಬೇರೆ ಬೇರೆ ಮನೆಯ ಕಾಚಂಪುಳಿಯಲ್ಲಿ ಒಟ್ಟು ಹುಳಿ ಎಷ್ಟಿದೆ ಎಂದು ಟೈಟ್ರೇಶನ್ ಮಾಡಲಿ. ಒಂದು ತೊಡಕಿದೆ. ರಸ ಕಪ್ಪಗಿರುವುದರಿಂದ ಫಿನಾಲ್ಫ್ತಲೀನ್‌ನ ಗುಲಾಬಿ ಕಾಣುವುದಿಲ್ಲ. 1 ಮಿ.ಲೀ. ರಸವನ್ನು 100 ಮಿ.ಲೀ. ಮಾಡಿಕೊಳ್ಳಲಿ, ಆಗಲೂ ಬಣ್ಣ ಅಡ್ಡ ಬಂದರೆ ಪಿಎಚ್ ಮೀಟರ್ ಇಳಿಸಿ 8.2 ಬರುವ ತನಕ ಕ್ಷಾರ ಬಿಡಲಿ. ಕ್ಷಾರದ ಬಲವನ್ನು ಮೊದಲ ಉತ್ತರದಲ್ಲಿ ಹೇಳಿದ ಹಾಗೆ ಅದೇ ದಿನ ಕಂಡುಕೊಳ್ಳಬೇಕು.

ಪ್ರಶ್ನೆ: ಪ್ರೋಟೀನ್ ಎಸ್ಟಿಮೇಶನ್‌ನಲ್ಲಿ ನನ್ನ ಸ್ಟ್ಯಾಂಡರ್ಡ್ ಗ್ರಾಫ್ ಸೊನ್ನೆಯಿಂದ ಹೊರಡುವುದಿಲ್ಲ. ಕಲರಿಮೀಟರ್ ರೀಡಿಂಗ್ ಕೂಡ ನಿಲ್ಲದೆ ಓಡುತ್ತದೆ. ಸ್ಕೇಲ್ ಇಟ್ಟು ಗೆರೆಯನ್ನು ಸೊನ್ನೆಗೆ ಎಳೆದುಬಿಡಲಾ?
*— ಕುಶಾಲನಗರ*

ಉತ್ತರ: ಎಳೆಯಬೇಡಿ. ಮೊದಲು ಕ್ಯುವೆಟ್ (ದ್ರಾವಣ ತುಂಬಿ ಮೀಟರಿನಲ್ಲಿಡುವ ಗಾಜಿನ ಪುಟ್ಟ ಪಾತ್ರೆ) ಹೊರಗೆ ತೆಗೆದು ಬೆಳಕಿಗೆ ಹಿಡಿದು ನೋಡಿ. ದ್ರಾವಣ ಫ್ರಿಜ್ಜಿನಿಂದ ಈಗಷ್ಟೇ ತೆಗೆದದ್ದಾದರೆ ಗಾಜಿನ ಹೊರಮೈಗೆ ತೆಳು ಹಬೆ ಕಟ್ಟಿರುತ್ತದೆ. ಮಳೆಗಾಲದಲ್ಲಿ ಒರೆಸಿದರೂ ಮತ್ತೆ ಕಟ್ಟುತ್ತದೆ. ಬೆಳಕು ಆ ಹಬೆಯಲ್ಲಿ ಚದುರಿ ರೀಡಿಂಗ್ ಏರುತ್ತದೆ, ಹಬೆ ಆರಿದಂತೆ ಇಳಿಯುತ್ತದೆ. ಎಲ್ಲ ಟ್ಯೂಬೂ ರೂಮಿನ ಬಿಸಿಗೆ ಬರಲಿ. ಮೀಟರನ್ನೂ ಹತ್ತು ಹದಿನೈದು ನಿಮಿಷ ಮೊದಲೇ ಆನ್ ಮಾಡಿ. ಕರೆಂಟ್ ಹೋಗಿ ಬಂದರೆ ಮತ್ತೆ ಬ್ಲ್ಯಾಂಕ್ ಇಟ್ಟು ಸೊನ್ನೆ ಮಾಡಿ.

ಬ್ಲ್ಯಾಂಕ್ ಅಂದರೆ ಬರೀ ನೀರಲ್ಲ. ಪ್ರೋಟೀನ್ ಬಿಟ್ಟು ಉಳಿದದ್ದೆಲ್ಲ ಅದರಲ್ಲಿರಬೇಕು. ಬಯುರೆಟ್ ರೀಏಜೆಂಟ್ (ಪ್ರೋಟೀನ್ ಜೊತೆ ನೇರಳೆಯಾಗುವ ದ್ರಾವಣ) ತಾನೇ ನೀಲಿ. ನೀರಿನ ಬ್ಲ್ಯಾಂಕ್ ಇಟ್ಟರೆ ಆ ನೀಲಿಯೂ ನಿಮ್ಮ ಪ್ರೋಟೀನ್ ಲೆಕ್ಕಕ್ಕೆ ಸೇರುತ್ತದೆ, ಗ್ರಾಫ್ ಸೊನ್ನೆಗಿಂತ ಮೇಲೆ ಹೊರಡುತ್ತದೆ. ನಿಮ್ಮದು ಇದೇ ಇರಬೇಕು ಅನ್ನಿಸುತ್ತದೆ. ಮೇಲಿನ ತುದಿ ಬಾಗಿದ್ದರೆ ದ್ರಾವಣ ತೀರಾ ಗಟ್ಟಿ ಎಂದರ್ಥ. ರೀಡಿಂಗ್ 1 ದಾಟದ ಹಾಗೆ ನೋಡಿಕೊಳ್ಳಿ. ಬಯುರೆಟ್ 540 ನ್ಯಾನೋಮೀಟರ್‌ನಲ್ಲಿ ಓದುತ್ತೇವೆ. ಪ್ರೋಟೀನ್ ಕಡಿಮೆ ಇದ್ದರೆ 1951ರ ಲೌರಿ ವಿಧಾನ ಅಥವಾ 1976ರ ಬ್ರಾಡ್‌ಫೋರ್ಡ್ ಒಳ್ಳೆಯದು.

ಬಣ್ಣ ನೋಡಿ ಅಳೆಯುವ ಈ ಕೆಲಸದಲ್ಲಿ ನಮ್ಮವರೊಬ್ಬರ ಹೆಸರು ನಿಮಗೆ ಗೊತ್ತಿರಲಿ. ಆಂಧ್ರದ ಯಲ್ಲಾಪ್ರಗಡ ಸುಬ್ಬರಾವ್ ಅಮೆರಿಕದಲ್ಲಿ ಫಿಸ್ಕ್ ಜೊತೆ ಸೇರಿ 1925ರಲ್ಲಿ ಫಾಸ್ಫರಸ್ ಅಳೆಯುವ ವಿಧಾನ ಕೊಟ್ಟರು. ಫಾಸ್ಫೇಟ್ ಮಾಲಿಬ್ಡೇಟ್ ಜೊತೆ ಸೇರಿದ ಮೇಲೆ ಅಪಕರ್ಷಕ ಹಾಕಿದರೆ ನೀಲಿ ಬರುತ್ತದೆ. ಆ ನೀಲಿ ಹಿಡಿದುಕೊಂಡೇ ಅವರು ಸ್ನಾಯುವಿನಲ್ಲಿ ಫಾಸ್ಫೊಕ್ರಿಯಾಟಿನ್ ಕಂಡರು, ಜೀವಕೋಶಕ್ಕೆ ಶಕ್ತಿ ಒದಗಿಸುವ ಎಟಿಪಿಯನ್ನೂ ಬೇರ್ಪಡಿಸಿದರು. ನಿಮ್ಮ ಮುಂದಿರುವ ಕಲರಿಮೀಟರ್ ಸಣ್ಣ ಯಂತ್ರವಲ್ಲ.

ಪ್ರಶ್ನೆ: ಪಲ್ಪಿಂಗ್ ಮಾಡಿದ (ಹಣ್ಣಿನ ಸಿಪ್ಪೆ ತೆಗೆದ) ಅರೇಬಿಕಾ ಕಾಫಿಯ ಲೋಳೆ ಕೆಲವು ವರ್ಷ ಒಂದೇ ರಾತ್ರಿಗೆ ಬಿಡುತ್ತದೆ, ಚಳಿ ಜಾಸ್ತಿ ಇದ್ದರೆ ಎರಡು ರಾತ್ರಿಗೂ ಬಿಡುವುದಿಲ್ಲ. ಇದೂ ನಿಮ್ಮ ಬಯೋಕೆಮಿಸ್ಟ್ರಿಯೇ?
*— ಬೆಳೆಗಾರರು, ಸುಂಟಿಕೊಪ್ಪ*

ಉತ್ತರ: ಪೂರ್ತಿ ಬಯೋಕೆಮಿಸ್ಟ್ರಿಯೇ ಸರ್. ಲೋಳೆಯಲ್ಲಿ ಪೆಕ್ಟಿನ್ ಇದೆ. ತೊಟ್ಟಿಯಲ್ಲಿ ಬೆಳೆಯುವ ಸೂಕ್ಷ್ಮಜೀವಿಗಳೂ ಹಣ್ಣಿನಲ್ಲೇ ಇರುವ ಎನ್‌ಜೈಮ್‌ಗಳೂ ಅದನ್ನು ಕತ್ತರಿಸುತ್ತವೆ. ಡಿಸೆಂಬರ್ ಚಳಿಗೆ ಜೀವಿಯೂ ನಿಧಾನ, ಎನ್‌ಜೈಮೂ ನಿಧಾನ. ಗೋಣಿಕೊಪ್ಪದವರ ಅಮೈಲೇಸ್‌ಗೆ ಆದದ್ದೇ ನಿಮ್ಮ ತೊಟ್ಟಿಯಲ್ಲೂ ಆಗುತ್ತದೆ. ಗಂಟೆ ನೋಡಿ ತೊಳೆಯಬೇಡಿ. ಒಂದು ಹಿಡಿ ಪಾರ್ಚ್‌ಮೆಂಟ್ ತೆಗೆದು ತೊಳೆದು ಅಂಗೈಯಲ್ಲಿ ಉಜ್ಜಿ. ಜಾರದೆ ಒರಟಾಗಿ ಸಿಕ್ಕಿದರೆ ಆಯಿತು. ಆಮೇಲೂ ಬಿಟ್ಟರೆ ಹುಳಿ ವಾಸನೆ ಹಿಡಿದು ಕಪ್ (ಕಾಫಿಯ ರುಚಿ) ಕೆಡುತ್ತದೆ. ರೋಬಸ್ಟಾಗೆ ಲೋಳೆ ಗಟ್ಟಿ, ಅದಕ್ಕೆ ಇನ್ನೂ ಹೆಚ್ಚು ಹೊತ್ತು ಬೇಕು. ಪೆಕ್ಟಿನೇಸ್ ಎನ್‌ಜೈಮ್ ಪುಡಿ ಪೇಟೆಯಲ್ಲಿ ಸಿಗುತ್ತದೆ. ಹಾಕುವ ಮೊದಲು ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರದಲ್ಲಿ ಪ್ರಮಾಣ ಕೇಳಿಕೊಳ್ಳಿ.

ಪ್ರಶ್ನೆ: ಬಾಯಲ್ಲಿ ಪಿಪೆಟ್ ಎಳೆಯುವುದೇ ಸರಿಯಾದ ಅಳತೆ ಎಂದು ಸೀನಿಯರ್ ಹೇಳುತ್ತಾರೆ. ಮೈಕ್ರೊಪಿಪೆಟ್ ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಅಳತೆ ಕೊಡುತ್ತದೆ. ಯಾವುದನ್ನು ನಂಬುವುದು?
*— ಸೋಮವಾರಪೇಟೆ*

ಉತ್ತರ: ಬಾಯಲ್ಲಿ ಎಳೆಯಬೇಡಿ. ನೀರಾದರೂ ಬೇಡ, ಅಭ್ಯಾಸವಾದರೆ ನಾಳೆ ಆಸಿಡನ್ನೂ ಹಾಗೆಯೇ ಎಳೆಯುತ್ತೀರಿ. ರಬ್ಬರ್ ಬಲ್ಬ್ ಇಲ್ಲದಿದ್ದರೆ ಲ್ಯಾಬಿನವರನ್ನು ಕೇಳಿ ತರಿಸಿ, ಅದು ದುಬಾರಿ ವಸ್ತುವಲ್ಲ.

ಮೈಕ್ರೊಪಿಪೆಟ್‌ನಲ್ಲಿ ಗುಂಡಿ ಎರಡು ಕಡೆ ನಿಲ್ಲುತ್ತದೆ. ಮೊದಲ ತಡೆ ಅಳತೆಗೆ, ಎರಡನೆಯದು ಉಳಿದ ಹನಿ ಊದಲು. ಕೆಲವರು ದ್ರಾವಣದೊಳಗೆ ಇಳಿಸಿ ಎರಡನೆಯ ತಡೆಯ ತನಕ ಒತ್ತಿ ಬಿಡುತ್ತಾರೆ, ಆಗ ಅಳತೆ ಜಾಸ್ತಿ ಬರುತ್ತದೆ. ಗಾಳಿಯಲ್ಲಿರುವಾಗಲೇ ಮೊದಲ ತಡೆಗೆ ಒತ್ತಿ. ತುದಿಯನ್ನು ಎರಡು ಮೂರು ಮಿಲಿಮೀಟರ್ ಮಾತ್ರ ಮುಳುಗಿಸಿ, ಹೆಬ್ಬೆರಳು ನಿಧಾನ ಬಿಡಿ. ಬಿಡುವಾಗ ತುದಿ ಟ್ಯೂಬಿನ ಗೋಡೆಗೆ ತಾಗಿರಲಿ. ತುದಿಯಲ್ಲಿ ದ್ರಾವಣ ಇರುವಾಗ ಪಿಪೆಟ್ ಮಲಗಿಸಬೇಡಿ, ಒಳಗೆ ಹರಿದು ಸ್ಪ್ರಿಂಗ್ ತುಕ್ಕು ಹಿಡಿಯುತ್ತದೆ. ನಮ್ಮ ಹವೆಗೆ ತುಕ್ಕು ಬೇಗ.

ಯಾರದು ಸರಿ ಎಂದು ವಾದ ಬೇಡ, ತಕ್ಕಡಿ ಇದೆಯಲ್ಲ. ಸಣ್ಣ ಬೀಕರ್ ಇಟ್ಟು ಸೊನ್ನೆ ಮಾಡಿ, 1000 ಮೈಕ್ರೊಲೀಟರ್ ಡಿಸ್ಟಿಲ್ಡ್ ನೀರು ಬಿಡಿ. 20 ಡಿಗ್ರಿಯ ನೀರು 0.998 ಗ್ರಾಂ ತೂಗಬೇಕು. ಹೀಗೆ ಐದು ಸಲ ಮಾಡಿ. ಐದೂ ಹತ್ತಿರ ಹತ್ತಿರ ಬಂದು ಎಲ್ಲವೂ ಕಡಿಮೆಯಾದರೆ ಪಿಪೆಟ್ ರಿಪೇರಿಗೆ ಕಳಿಸಿ. ಒಂದು 0.97, ಒಂದು 1.02 ಎಂದು ಹಾರಾಡಿದರೆ ಟಿಪ್ ಬಿಗಿಯಾಗಿ ಕೂತಿದೆಯಾ ನೋಡಿ, ಆಮೇಲೆ ಹೆಬ್ಬೆರಳು ಇನ್ನೂ ನಿಧಾನ ಮಾಡಿ.